ಗುಮ್ಮಟ ಕುಸಿದದ್ದೇಕೆ?

ಗೋಕಾಕ, ಮೂಡಲಗಿ, ಹುಕ್ಕೇರಿಯ ನಮಗೆ ತೀರ ಹತ್ತಿರದ ಅಣುಸ್ಥಾವರ ಕಾರವಾರ ತಾಲ್ಲೂಕಿನ ಕೈಗಾ. 1989ರಲ್ಲಿ ಶಿವರಾಮ ಕಾರಂತರು ಅದನ್ನು ವಿರೋಧಿಸಿ ಲೋಕಸಭೆಗೆ ನಿಂತಾಗ ವಾದವೆಲ್ಲ ಹೆಚ್ಚಾಗಿ ಕಾಡು, ವಿಕಿರಣದ ಸುತ್ತಲೇ ಇತ್ತು. ಆದರೆ ಮೊದಲು ಕೈಕೊಟ್ಟದ್ದು ಕಾಂಕ್ರೀಟು. 1994ರ ಮೇ 13ರಂದು, ಕಟ್ಟುತ್ತಿದ್ದ ಒಂದನೇ ಘಟಕದ ಒಳಗುಮ್ಮಟದಿಂದ ಸುಮಾರು 130 ಟನ್ ಕಳಚಿ ಬಿತ್ತು. ಕೆಲಸಗಾರರು ಗಾಯಗೊಂಡರು. ಇಂಧನ ಇನ್ನೂ ತುಂಬಿರಲಿಲ್ಲ, ಅದೊಂದು ಪುಣ್ಯ.

ಅವಘಡವಾದೊಡನೆ ಬೆರಳು ತೋರಿಸುವುದು ಕೆಳಗಿನವರ ಕಡೆಗೇ. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದ ಅವಘಡದಲ್ಲೂ ಸಿಬ್ಬಂದಿಯೇ ತಪ್ಪಿತಸ್ಥರೆನಿಸಿದರು. ತುರ್ತು ನೀರನ್ನು ತಗ್ಗಿಸಿದ್ದು ಅವರೇ, ನಿಜ. ಆದರೆ ಅವರ ಮುಂದಿನ ದೀಪ ಹೇಳುತ್ತಿದ್ದುದು ಒಂದು ಕವಾಟಕ್ಕೆ ಮುಚ್ಚುವ ಆದೇಶ ಹೋಗಿದೆ ಎಂದಷ್ಟೇ; ಕವಾಟ ಮುಚ್ಚಿರಲಿಲ್ಲ. ತನಿಖೆ ನಡೆಸಿದ ಕೆಮೆನಿ ಆಯೋಗ ತರಬೇತಿ, ನಿಯಂತ್ರಣ ಕೊಠಡಿ, ಆಡಳಿತ ಎಲ್ಲವನ್ನೂ ಕೆದಕಿತು. ಸಿಬ್ಬಂದಿಯ ತಪ್ಪಿನ ಹಿಂದಿನ ಕಾರಣಗಳನ್ನು ಕೆದಕುವ ಈ ವಿದ್ಯೆ ಬಹುಮಟ್ಟಿಗೆ ಬೆಳೆದದ್ದು ಅಲ್ಲಿಂದ.

ಚೆರ್ನೋಬಿಲ್‌ನಲ್ಲಿ ಬುದ್ಧಿ ಬರಲು ಆರು ವರ್ಷ ಹಿಡಿಯಿತು. 1986ರ ಅಂತರರಾಷ್ಟ್ರೀಯ ತಜ್ಞರ ವರದಿ ಸಿಬ್ಬಂದಿಯನ್ನು ಹೊಣೆ ಮಾಡಿತು. 1992ರಲ್ಲಿ ಅದೇ ತಜ್ಞರ ತಂಡ ಮಾತು ಬದಲಿಸಿ ವಿನ್ಯಾಸದ ದೋಷವನ್ನು ಮುಂದಕ್ಕೆ ತಂದಿತು: ಸ್ಥಾವರ ನಿಲ್ಲಿಸಲು ಇಳಿಸುವ ನಿಯಂತ್ರಣ ಸರಳುಗಳೇ ಆರಂಭದಲ್ಲಿ ಕ್ರಿಯೆಯನ್ನು ಕೆರಳಿಸುತ್ತಿದ್ದವು.

ಕೈಗಾದಲ್ಲಿ ಪ್ರಶ್ನೆ, ಕಟ್ಟಿದವರ ಕೈ ಕೆಟ್ಟದ್ದೋ, ನಕ್ಷೆ ಬರೆದವರ ಲೆಕ್ಕ ತಪ್ಪಿದ್ದೋ? ಬಾಗಿದ ತೆಳು ಗುಮ್ಮಟದೊಳಗಿನ ಉಕ್ಕಿನ ಕೇಬಲ್‌ಗಳನ್ನು ಬಿಗಿದಾಗ ಕಾಂಕ್ರೀಟು ದಪ್ಪದ ದಿಕ್ಕಿನಲ್ಲಿ ಸೀಳಲು ನೋಡುತ್ತದೆ, ಹಂಚಿನ ಮೇಲೆ ಉಬ್ಬಿದ ಜೋಳದ ರೊಟ್ಟಿಯಂತೆ ಎರಡು ಪದರವಾಗಿ. ಪದರಗಳನ್ನು ಹಿಡಿದಿಡುವ ಅಡ್ಡ ಕಬ್ಬಿಣ ಸಾಲದಾಗಿತ್ತು. ಇಂಥ ಜಗಳ ಬಗೆಹರಿಸಲು ನನಗೆ ಗೊತ್ತಿರುವ ಒಳ್ಳೆಯ ಒರೆಗಲ್ಲೆಂದರೆ ಆಮೇಲಿನ ರಿಪೇರಿ. ಕೆಲಸವಷ್ಟೇ ಕೆಟ್ಟಿದ್ದರೆ ಹಳೆಯ ನಕ್ಷೆಯಲ್ಲೇ ಜಾಗರೂಕವಾಗಿ ಮತ್ತೆ ಕಟ್ಟಬಹುದಿತ್ತು. ಕೈಗಾದಲ್ಲಿ ವಿನ್ಯಾಸವನ್ನೇ ಬದಲಿಸಿದರು, ಅಡ್ಡ ಕಬ್ಬಿಣ ಸೇರಿಸಿದರು, ಕಾಂಕ್ರೀಟಿನ ದರ್ಜೆ ಏರಿಸಿದರು. ತೀರ್ಪಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ. ಇಂಥ ತಪ್ಪನ್ನು ಹಿಡಿಯಬೇಕಾದದ್ದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿ; ಆಗ ಅದರ ಅಧ್ಯಕ್ಷರಾಗಿದ್ದ ಎ. ಗೋಪಾಲಕೃಷ್ಣನ್, ಮಂಡಳಿಗೆ ಸ್ವಾತಂತ್ರ್ಯವಿಲ್ಲವೆಂದು ನಂತರ ಬಹಿರಂಗವಾಗಿಯೇ ಟೀಕಿಸಿದರು.

2011ರಲ್ಲಿ ಜಪಾನಿನ ಫುಕುಶಿಮಾ ಸ್ಥಾವರದ ಅವಘಡದಲ್ಲಿ ತಕರಾರು ಇನ್ನೂ ಸೂಕ್ಷ್ಮ. ಸುನಾಮಿಯೊಂದೇ ಕಾರಣವೆಂದು ಸ್ಥಾವರ ನಡೆಸುತ್ತಿದ್ದ ಕಂಪನಿ. ಭೂಕಂಪವೇ ಯಂತ್ರಕ್ಕೆ ಪೆಟ್ಟು ಕೊಟ್ಟಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದೆಂದು ಅಲ್ಲಿನ ಸಂಸತ್ತಿನ ಆಯೋಗ.

ಅದಕ್ಕೂ ಮೊದಲೇ, 2009ರ ನವೆಂಬರಿನಲ್ಲಿ, ಕೈಗಾದ ಐವತ್ತಕ್ಕೂ ಹೆಚ್ಚು ನೌಕರರ ಮೂತ್ರದಲ್ಲಿ ವಿಕಿರಣಶೀಲ ಟ್ರಿಟಿಯಂ ಕಂಡಿತ್ತು. ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಇದ್ದ ಭಾರಜಲ ಬೆರೆತಿತ್ತು. ಒಳಗಿನ ಕಿಡಿಗೇಡಿಯ ಕೃತ್ಯವೆಂದರು ಅಧಿಕಾರಿಗಳು. ಇರಬಹುದು. ಆದರೆ ಅಷ್ಟು ಕಾವಲಿನ ಜಾಗದಲ್ಲಿ ಭಾರಜಲ ಕೂಲರ್‌ತನಕ ಹೇಗೆ ಹೋಯಿತೆಂಬುದಕ್ಕೆ ಕಿಡಿಗೇಡಿಯ ಹೆಸರು ಉತ್ತರವಲ್ಲ.