ಒಂದೇ ಕೋವಿ, ಬೇರೆ ಬೇರೆ ತೋಟೆ

ಬಹಳ ಕಾಲ ನಮ್ಮ ಪೊಲೀಸರ ಹೆಗಲ ಮೇಲಿದ್ದ ‘ತ್ರೀ ನಾಟ್ ತ್ರೀ’ ಎಂದರೆ ಲೀ-ಎನ್‌ಫೀಲ್ಡ್ ರೈಫಲ್. ಬಂಗಾಳದ ಇಷಾಪುರ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಈ ಸೇನಾ ಕೋವಿಯನ್ನು ಬೇರೆ ತೋಟೆಗೆ ಒಗ್ಗಿಸುವ ಕೆಲಸವೂ ಅಲ್ಲಿ ನಡೆಯಿತು.

ಹಾಗೆ ಒಗ್ಗಿಸಿದವುಗಳಲ್ಲಿ ನಿಂತು ನೋಡಬೇಕಾದದ್ದು .410 ಮಸ್ಕೆಟ್. ಬ್ರಿಟಿಷರ ಕಾಲದಲ್ಲಿ ಪೊಲೀಸರಿಗೂ ಜೈಲು ಕಾವಲುಗಾರರಿಗೂ ಕೊಟ್ಟ ಕೋವಿಯಿದು. ನಳಿಗೆಯೊಳಗೆ ಸುರುಳಿ ಗೀರುಗಳಿಲ್ಲ, ನುಣುಪು. ಹತ್ತು ತೋಟೆ ಹಿಡಿಸುತ್ತಿದ್ದ ಮ್ಯಾಗಜಿನ್ನಿಗೆ ಮರದ ತುಂಡು ಕೂರಿಸಿ ಮುಚ್ಚಿದ್ದಾರೆ. ಒಂದು ಸಲಕ್ಕೆ ಒಂದೇ ಈಡು. ದೂರದ ಗುರಿ ನಿಲ್ಲದು. ತೋಟೆಯ ಹಿತ್ತಾಳೆ ಕವಚ ಮಾತ್ರ .303ರದ್ದೇ, ಕತ್ತು ಕಿರಿದಾಗಿಸದೆ ನೆಟ್ಟಗೆ ಬಿಟ್ಟದ್ದು. ಕೋವಿ ಬಂಡೆದ್ದವರ ಕೈಸೇರಿದರೂ ಸೈನ್ಯಕ್ಕೆ ಸಾಟಿಯಾಗಬಾರದು ಎಂಬುದು ಲೆಕ್ಕ. ತನ್ನ ಕಾವಲುಗಾರನನ್ನೇ ಪೂರ್ತಿ ನಂಬದ ಸರ್ಕಾರದ ಮನಸ್ಸು ಆ ಮರದ ತುಂಡಿನಲ್ಲಿದೆ.

ಇದಕ್ಕೆ ಎದುರಾಗಿ, ಕೊಡಗಿನ ಕೊಡವರಿಗೆ ಅದೇ ಬ್ರಿಟಿಷ್ ಆಡಳಿತ 1861ರಲ್ಲಿ ಆಯುಧ ಕಾನೂನಿನಿಂದ ವಿನಾಯಿತಿ ಕೊಟ್ಟಿತ್ತು. ಎರಡನ್ನೂ ಜೊತೆಗಿಟ್ಟು ನೋಡಿದರೆ ಆಗಿನ ರಾಜಕಾರಣ ಅರ್ಥವಾಗುತ್ತದೆ.

ಎನ್.ಸಿ.ಸಿ. ಹುಡುಗರ ಗುರಿ ಅಭ್ಯಾಸಕ್ಕೆ ಬಂದ .22 ಬೋರಿನ ನಂಬರ್ 2 ಮಾರ್ಕ್ 4 ಕೂಡ ಇದೇ ಮೈಕಟ್ಟಿನದು. ತೋಟೆ ಅಗ್ಗ, ಭುಜಕ್ಕೆ ಹೊಡೆತ ಕಡಿಮೆ.

1962ರ ಚೀನಾ ಯುದ್ಧದ ನಂತರ ಇಷಾಪುರ ಇದೇ ವಿನ್ಯಾಸವನ್ನು 7.62 ಮಿ.ಮೀ. ತೋಟೆಗೆ ತಿದ್ದಿತು. ಅದು ಹಳೆಯ ಕೋವಿಯ ಮಾರ್ಪಾಡಲ್ಲ. ಹೆಚ್ಚಿನ ಒತ್ತಡ ತಡೆಯುವಂತೆ ಉತ್ತಮ ಉಕ್ಕಿನಲ್ಲಿ ಹೊಸದಾಗಿಯೇ ಮಾಡಿದ್ದು. ಮ್ಯಾಗಜಿನ್ನಿನಲ್ಲಿ 12 ತೋಟೆ. ಜನಸಾಮಾನ್ಯರಿಗೆ ಸೇನೆಯ .303 ನಿಷಿದ್ಧ. ಲೈಸೆನ್ಸ್ ಇದ್ದವರಿಗೆ ಸಿಗುವುದು ಅದೇ ಬೋಲ್ಟಿನ .315 ರೈಫಲ್.