ಇಂಜಿನ್ನಿನ ಉಸಿರು



ಗಾಳಿಯ ಡಬ್ಬಿ ಕಳಚಿಟ್ಟರೆ ಇಂಜಿನ್ನು ಜೋರಾಗಿ ಓಡುತ್ತದೆ, ಎಣ್ಣೆಯೂ ಉಳಿಯುತ್ತದೆ ಎಂಬ ಮಾತನ್ನು ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಸೀಮೆಯಲ್ಲಿ ನೀವೂ ಕೇಳಿರಬಹುದು. ಆ ಮಾತು ಎಷ್ಟರಮಟ್ಟಿಗೆ ನಿಜ? ಇತಿಹಾಸವನ್ನೇ ಕೇಳೋಣ.

ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗ್ ಊರಿನಲ್ಲಿ ತನ್ನ ಇಂಜಿನ್ನನ್ನು ಪರೀಕ್ಷೆಗೆ ಒಡ್ಡಿದ. ಅದರಲ್ಲಿ ಬೆಂಕಿಯ ಕಿಡಿ ಇರಲಿಲ್ಲ. ಬರೀ ಗಾಳಿಯನ್ನು ಬಲವಾಗಿ ಒತ್ತಿ, ಆ ಒತ್ತಡದ ಕಾವಿನಿಂದಲೇ ಎಣ್ಣೆ ಹೊತ್ತುವಂತೆ ಮಾಡಿದ್ದ. ಎಣ್ಣೆಯಲ್ಲಿದ್ದ ಶಕ್ತಿಯ ನೂರಕ್ಕೆ 26 ಪಾಲು ಕೆಲಸಕ್ಕೆ ಬಂತು. ಅಂದಿನ ಉಗಿಯಂತ್ರಗಳು ಇದರ ಅರ್ಧವನ್ನೂ ಕೊಡುತ್ತಿರಲಿಲ್ಲ.

ಈ ವಿದ್ಯೆ ನಮ್ಮ ಕಡೆಗೆ ಬರುವುದಕ್ಕೆ ಗಡಿಯ ಮನೆತನವೊಂದು ಕಾರಣವಾಯಿತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯ ಸೈಕಲ್ ಅಂಗಡಿಯಿಂದ ಆರಂಭಿಸಿ, 1910ರಲ್ಲಿ ಔಂಧ ಸಂಸ್ಥಾನದ ಬಯಲಿನಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಅವರ ಮಗ ಶಂತನುರಾಯರು 1946ರಲ್ಲಿ ಪುಣೆಯಲ್ಲಿ ಆಯಿಲ್ ಇಂಜಿನ್ ಕಂಪನಿಯನ್ನು ಸ್ಥಾಪಿಸಿದರು. ಇತ್ತ ಕೊಲ್ಹಾಪುರದ ಶಿವಾಜಿ ಉದ್ಯಮನಗರದಲ್ಲಿಯೂ ಎರಕದ ಭಟ್ಟಿಗಳು, ಲೇಥುಗಳು ಬೆಳೆದವು. ಪಂಚಗಂಗೆ, ಹಿರಣ್ಯಕೇಶಿಗಳ ದಂಡೆಯಲ್ಲಿ ಕರೆಂಟು ಬರುವ ಮೊದಲು ಕಬ್ಬಿಗೆ ನೀರೆತ್ತಲು, ಗುರ್ಹಾಳದಲ್ಲಿ ಗಾಣ ತಿರುಗಿಸಲು ಎತ್ತುಗಳ ಭಾರವನ್ನು ಹೊತ್ತದ್ದು ಇಂಥ ಇಂಜಿನ್ನುಗಳೇ.

ಈಗ ಲೆಕ್ಕ ನೋಡೋಣ. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಸುಮಾರು 12 ಕಿಲೋ ಗಾಳಿ ಬೇಕು, ಅಂದರೆ ಹೆಚ್ಚುಕಡಿಮೆ 10 ಸಾವಿರ ಲೀಟರ್. ರೈತರಿಗೆ ಪರಿಚಯದ 5 ಅಶ್ವಶಕ್ತಿಯ ಇಂಜಿನ್ನಿನ ಸಿಲಿಂಡರು 80 ಮಿಲಿಮೀಟರ್ ಅಗಲ; ಪಿಸ್ಟನ್ನಿನ ಓಟ 110 ಮಿಲಿಮೀಟರ್. ನಿಮಿಷಕ್ಕೆ 1500 ಸುತ್ತು ತಿರುಗುವಾಗ ಅದು 750 ಸಲ ಉಸಿರೆಳೆಯುತ್ತದೆ. ಒಂದು ತಾಸಿನಲ್ಲಿ ಒಳಗೆ ಹೋಗುವ ಗಾಳಿ 20 ಸಾವಿರ ಲೀಟರಿಗೂ ಹೆಚ್ಚು. ಸುಗ್ಗಿಯ ಧೂಳು, ಕಬ್ಬಿನ ರವದಿಯ ಪುಡಿ ಎಲ್ಲವೂ ಆ ಗಾಳಿಯಲ್ಲೇ ಇರುತ್ತವೆ.

ಅದಕ್ಕಾಗಿಯೇ ಎಣ್ಣೆ ತುಂಬಿದ ಗಾಳಿಡಬ್ಬಿಯನ್ನು ಇಟ್ಟಿದ್ದಾರೆ. ಗಾಳಿ ಕೆಳಗಿಳಿದು ಎಣ್ಣೆಯ ಮೇಲೆ ಥಟ್ಟನೆ ತಿರುಗುವಾಗ ಭಾರವಾದ ಧೂಳು ಎಣ್ಣೆಯಲ್ಲಿ ಬೀಳುತ್ತದೆ. ಉಳಿದದ್ದು ಜಾಳಿಗೆಗೆ ಅಂಟುತ್ತದೆ. ಜಾಳಿಗೆ ಕಟ್ಟಿತೆಂದರೆ ಉಸಿರು ಸಾಲುವುದಿಲ್ಲ. ವೇಗ ಇಳಿಯಿತೆಂದು ಗವರ್ನರು ಇನ್ನಷ್ಟು ಡೀಸೆಲ್ ಬಿಡುತ್ತದೆ. ಅದು ಉರಿಯಲಾರದೆ ಕರಿಹೊಗೆಯಾಗಿ ಹೊರಗೆ ಹೋಗುತ್ತದೆ. ಆಗ ಡಬ್ಬಿ ಬಿಚ್ಚಿದವನಿಗೆ ಇಂಜಿನ್ನು ಜೋರಾದಂತೆ ಕಾಣುವುದು ಸಹಜ. ಆದರೆ ಅದು ಕಟ್ಟಿದ ಜಾಳಿಗೆ ಹೋದುದರ ಫಲ. ಡಬ್ಬಿಯನ್ನು ತೊಳೆದಿದ್ದರೂ ಅದೇ ಫಲ ಸಿಗುತ್ತಿತ್ತು. ಬಿಚ್ಚಿಟ್ಟರೆ ಕಬ್ಬಿಣಕ್ಕಿಂತ ಗಟ್ಟಿಯಾದ ಮರಳಿನ ಕಣಗಳು ಲೈನರನ್ನೂ ರಿಂಗುಗಳನ್ನೂ ಸವೆಸುತ್ತವೆ. ಒತ್ತಡ ಸೋರುತ್ತದೆ, ಬೆಳಗಿನ ಹೊತ್ತು ಇಂಜಿನ್ನು ಹತ್ತುವುದಿಲ್ಲ. ಉಳಿಸಿದ್ದಕ್ಕಿಂತ ಹೆಚ್ಚು ದುಡ್ಡು ಬೋರಿಂಗ್ ಕೆಲಸಕ್ಕೆ ಹೋಗುತ್ತದೆ.

ಹಾಗಾದರೆ ಗಾಳಿಯಿಂದ ಶಕ್ತಿ ಹೆಚ್ಚಿಸಲು ಬರುವುದೇ ಇಲ್ಲವೇ? ಬರುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದ ಉಪಾಯದಲ್ಲಿ, ಹೊರಹೋಗುವ ಹೊಗೆಯಿಂದಲೇ ಚಕ್ರ ತಿರುಗಿಸಿ ಹೆಚ್ಚು ಗಾಳಿಯನ್ನು ಒಳಗೆ ತುಂಬುತ್ತಾರೆ. 1925ರಲ್ಲಿ ಹತ್ತು ಸಿಲಿಂಡರಿನ ಇಂಜಿನ್ನು ಇದರಿಂದ 1,750ರ ಬದಲು 2,500 ಅಶ್ವಶಕ್ತಿ ಕೊಟ್ಟಿತು. ಇಂದಿನ ಲಾರಿ, ಜೀಪುಗಳ ಟರ್ಬೊ ಇದೇ.

ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಪರೀಕ್ಷೆಯ ಮಾತೂ ಕೇಳುವಂಥದ್ದು. ಕಂಪ್ಯೂಟರಿನಿಂದ ಇಂಧನ ಅಳೆಯುವ ಹೊಸ ಪೆಟ್ರೋಲ್ ಕಾರುಗಳಲ್ಲಿ ಫಿಲ್ಟರ್ ಕಟ್ಟಿದರೂ ಮೈಲೇಜು ಬಹಳ ಇಳಿಯಲಿಲ್ಲ; ವೇಗ ಪಡೆಯುವ ಚುರುಕು ಮಾತ್ರ ಕುಗ್ಗಿತು. ಹಳೆಯ ಕಾರ್ಬುರೇಟರಿನ ಗಾಡಿಗಳಲ್ಲಿ ಮೈಲೇಜಿಗೂ ಪೆಟ್ಟು ಬಿತ್ತು.

ಆದ್ದರಿಂದ, ಬಾಂಧವರೇ, ಡಬ್ಬಿಯನ್ನು ಕಳಚಿಡಬೇಡಿ, ತೊಳೆಯಿರಿ. ಎಣ್ಣೆಯನ್ನು ಗುರುತಿನ ಗೆರೆಯವರೆಗೆ ಮಾತ್ರ ಹಾಕಿರಿ. ಹೆಚ್ಚಾದರೆ ಇಂಜಿನ್ನು ಅದನ್ನೂ ಒಳಗೆಳೆದುಕೊಳ್ಳುತ್ತದೆ. ಧೂಳಿನ ದಿನಗಳಲ್ಲಿ ಇದನ್ನು ಮತ್ತೆ ಮತ್ತೆ ಮಾಡಿರಿ. ಹೊಗೆ ಕಪ್ಪಾಗಿ ಕಂಡರೆ ಮೊದಲು ನೋಡಬೇಕಾದದ್ದು ಗಾಳಿಡಬ್ಬಿಯನ್ನೇ.