ಮುತ್ತು ಕಟ್ಟಿಸಿಕೊಂಡವರು ಮತ್ತು ಕಾನೂನಿನ ನಿಘಂಟು: ಕೊಲ್ಲಾಪುರ ಸೀಮೆಯ ಜೋಗಪ್ಪಗಳು

ಮಾರ್ಗಶಿರದಲ್ಲಿ ಸವದತ್ತಿಯ ಯಲ್ಲಮ್ಮನ ಗುಡ್ಡದಿಂದ ಹಿಂತಿರುಗುವ ಕೊಲ್ಲಾಪುರದ ಭಕ್ತರು ತಮ್ಮೂರಿನ ಹಳ್ಳದ ದಂಡೆಯ ರೇಣುಕೆಯ ಗುಡಿಯಲ್ಲಿ ಅಂಬಲಿಯ ಜಾತ್ರೆ ನಡೆಸುತ್ತಾರೆ. ತಲೆಯ ಮೇಲೆ ಜಗ ಹೊತ್ತು, ಚೌಡಿಕೆ ನುಡಿಸುತ್ತ, ಹಣೆತುಂಬ ಭಂಡಾರ ಬಳಿದುಕೊಂಡು ಬರುವವರಲ್ಲಿ ಸೀರೆಯುಟ್ಟ ಗಂಡುದೇಹದವರೂ ಇರುತ್ತಾರೆ. ಕನ್ನಡದಲ್ಲಿ ಅವರು ಜೋಗಪ್ಪ, ಮರಾಠಿಯಲ್ಲಿ ಜೋಗತಾ. ಅವರ ಪಕ್ಕದಲ್ಲಿ ನಡೆಯುವ ಹೆಣ್ಣು ಕನ್ನಡಕ್ಕೆ ಜೋಗತಿ, ಮರಾಠಿಗೆ ಜೋಗತೀಣ. ಇಬ್ಬರಿಗೂ ದೇವಿ ಒಬ್ಬಳೇ. ಮುತ್ತು ಕಟ್ಟುವ ವಿಧಿಯೂ ಬಹುಮಟ್ಟಿಗೆ ಒಂದೇ. ಆದರೆ ಕಳೆದ ನೂರು ವರ್ಷಗಳಲ್ಲಿ ಪ್ರಭುತ್ವವು ಇವರಿಬ್ಬರನ್ನು ಎರಡು ಬೇರೆ ಕಡತಗಳಲ್ಲಿ ಇರಿಸಿತು. ಹೆಣ್ಣುದೇಹಕ್ಕೆ ಮುತ್ತು ಕಟ್ಟಿದರೆ ಅಪರಾಧ. ಗಂಡುದೇಹಕ್ಕೆ ಕಟ್ಟಿದರೆ ಮೊದಲು ಕಾನೂನಿಗೆ ಕಾಣದ ಸಂಗತಿ, ಆಮೇಲೆ ಕಾನೂನು ಮಾನ್ಯ ಮಾಡಿದ ಸಾಂಸ್ಕೃತಿಕ ಗುರುತು. ದೇಹದ ಲಿಂಗ ಮತ್ತು ಲಿಂಗತ್ವದ ಗುರುತು, ಇವೆರಡರ ನಡುವಿನ ಸಂಬಂಧವನ್ನು ಸಾರ್ವಜನಿಕ ನೀತಿಯು ಹೇಗೆ ಕಟ್ಟುತ್ತದೆ ಎಂಬುದನ್ನು ನೋಡಲು ಈ ಗಡಿಸೀಮೆಗಿಂತ ಒಳ್ಳೆಯ ನೆಲ ಸಿಗಲಾರದು.

ಮೊದಲ ಕಡತ ತೆರೆದುಕೊಳ್ಳುವುದು ಕೊಲ್ಲಾಪುರ ಸಂಸ್ಥಾನದಲ್ಲಿಯೇ. ಶಾಹೂ ಮಹಾರಾಜರು 1920ರಲ್ಲಿ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಪದ್ಧತಿಯನ್ನು ಕಾನೂನಿನ ಮೂಲಕ ತಡೆದರು. ಬ್ರಿಟಿಷ್ ಆಳ್ವಿಕೆಯ ಮುಂಬಯಿ ಪ್ರಾಂತದಲ್ಲಿ ದೇವದಾಸಿ ಸಂರಕ್ಷಣಾ ಕಾಯ್ದೆ ಬಂದದ್ದು 1934ರಲ್ಲಿ. 1949ರ ಮಾರ್ಚ್ 1ರಂದು ಕೊಲ್ಲಾಪುರ ಮುಂಬಯಿ ರಾಜ್ಯದಲ್ಲಿ ವಿಲೀನವಾದಾಗ ಗಡಹಿಂಗ್ಲಜ, ಇಚಲಕರಂಜಿ, ಸವದತ್ತಿಗಳೆಲ್ಲ ಏಳು ವರ್ಷಗಳ ಕಾಲ ಒಂದೇ ಆಡಳಿತದ ಅಡಿಯಲ್ಲಿದ್ದವು. 1956ರ ಪುನರ್ವಿಂಗಡಣೆ ಗುಡಿಯನ್ನು ಒಂದು ರಾಜ್ಯಕ್ಕೆ ಕೊಟ್ಟು, ಗುಡಿಗೆ ನಡೆದುಕೊಳ್ಳುವ ಮನೆತನಗಳನ್ನು ಇನ್ನೊಂದು ರಾಜ್ಯದಲ್ಲಿ ಉಳಿಸಿತು. ಗಡಿ ತಕರಾರಿನ ಇತಿಹಾಸವನ್ನು ಶಾಲೆ, ಭಾಷೆ, ಜನಗಣತಿಗಳ ಲೆಕ್ಕದಲ್ಲಿ ಬರೆದವರು ಬಹಳ. ದೇವಿಯ ಲೆಕ್ಕದಲ್ಲಿ ಬರೆದವರು ಕಡಿಮೆ.

ಮುಂದೆ ಎರಡೂ ರಾಜ್ಯಗಳು ತಮ್ಮ ತಮ್ಮ ಕಾನೂನು ಮಾಡಿಕೊಂಡವು: ಕರ್ನಾಟಕ 1982ರಲ್ಲಿ, ಮಹಾರಾಷ್ಟ್ರ 2005ರ ಕಾಯ್ದೆಯ ಮೂಲಕ. ಕರ್ನಾಟಕದ ಕಾಯ್ದೆಯ ಪರಿಭಾಷಾ ಕಲಮನ್ನು ನಿಧಾನವಾಗಿ ಓದಬೇಕು. ಸಮರ್ಪಣೆ ಎಂದರೆ ಒಬ್ಬ ಮಹಿಳೆಯನ್ನು ದೇವರ ಸೇವೆಗೆ ಒಪ್ಪಿಸುವ ಯಾವುದೇ ವಿಧಿ. ಹಾಗೆ ಒಪ್ಪಿಸಲ್ಪಟ್ಟ ಮಹಿಳೆಯೇ ದೇವದಾಸಿ. ಮಹಿಳೆ ಎಂದರೆ ಯಾವುದೇ ವಯಸ್ಸಿನ ಹೆಣ್ಣು. ವಿಧಿಯ ಹೆಸರು ಏನೇ ಇರಲಿ ಎಂದು ಉದಾರವಾಗಿ ಬಲೆ ಬೀಸಿದ ಕಾನೂನು ದೇಹದ ವಿಷಯದಲ್ಲಿ ಮಾತ್ರ ಬಿಗಿಯಾಗಿ ನಿಂತಿತು. ಇದನ್ನು ತಪ್ಪೆನ್ನುವುದು ಸುಲಭ, ಆದರೆ ನ್ಯಾಯವಲ್ಲ. ಮುತ್ತು ಕಟ್ಟಿಸಿಕೊಂಡ ಹುಡುಗಿಯ ಪಾಡು ಹೆಣ್ಣುದೇಹದ ಪಾಡೇ ಆಗಿತ್ತು: ಬಾಲ್ಯದಲ್ಲಿಯೇ ಬಂದೆರಗುವ ಬಸಿರು, ತಂದೆಯ ಹೆಸರಿಲ್ಲದ ಮಕ್ಕಳು, ಪಾಲು ಸಿಗದ ಆಸ್ತಿ, ಮುಂಬಯಿಯ ಕಾಮಾಟಿಪುರದ ದಾರಿ. ಆ ಅನ್ಯಾಯಕ್ಕೆ ಕೈಹಾಕಲು ದೇಹವನ್ನೇ ಆಧಾರವಾಗಿ ಹಿಡಿಯಬೇಕಿತ್ತು. ತೊಡಕು ಇರುವುದು ಅದೊಂದೇ ಆಧಾರವಾಗಿ ಉಳಿದುದರಲ್ಲಿ.

1970ರ ದಶಕದಲ್ಲಿ ಈ ಅನ್ಯಾಯದ ವಿರುದ್ಧ ಎದ್ದ ಚಳವಳಿಗೆ ಗಡಹಿಂಗ್ಲಜ ಒಂದು ನೆಲೆಯಾಯಿತು. ಬಾಬಾ ಆಢಾವ ಅವರ ಪ್ರೇರಣೆ, ಸ್ಥಳೀಯರಾದ ಪ್ರಾಧ್ಯಾಪಕ ವಿಠ್ಠಲ ಬನ್ನೆಯವರ ಸಂಘಟನೆ ಸೇರಿ ಜೋಗತಿಯರು ತಾವಾಗಿಯೇ ಬಂದು ಮಾತಾಡುವ ಸಭೆಗಳು ಗಡಹಿಂಗ್ಲಜ, ನಿಪ್ಪಾಣಿಗಳಲ್ಲಿ ನಡೆದವು. ಗಡಿಯ ಎರಡೂ ಬದಿಯ ಜೋಗತಿಯರನ್ನು ಒಟ್ಟುಗೂಡಿಸಿದ ಆ ಚಳವಳಿಯ ಬೇಡಿಕೆಗಳು ಮಾಸಾಶನ, ಮಕ್ಕಳ ಶಿಕ್ಷಣ, ಮದುವೆ, ಮನೆಗಳ ಸುತ್ತ ರೂಪುಗೊಂಡವು. ಎಲ್ಲವೂ ಹೆಣ್ಣಿನ ಬಾಳಿನ ಅಳತೆಗೆ ಹೊಲಿದವು. ಕರ್ನಾಟಕ ಸರ್ಕಾರ 1993-94ರಲ್ಲಿ, ಮತ್ತೆ 2007-08ರಲ್ಲಿ ನಡೆಸಿದ ಸಮೀಕ್ಷೆಗಳೂ ದೇವದಾಸಿ ಮಹಿಳೆಯರನ್ನೇ ಎಣಿಸಿದವು. ಅದೇ ಜಗವನ್ನು ಹೊತ್ತ ಜೋಗಪ್ಪ ಆ ಯಾದಿಗಳ ಹೊರಗೆ ಉಳಿದ. ಅವನನ್ನು ಬರಹಕ್ಕೆ ತಂದದ್ದು ಸರ್ಕಾರವಲ್ಲ, ಸಾಹಿತ್ಯ. ಗಡಹಿಂಗ್ಲಜ ತಾಲ್ಲೂಕಿನವರೇ ಆದ ರಾಜನ ಗವಸ ಅವರ 'ಚೌಂಡಕ' ಜೋಗತಿಯ ಕಥೆಯಾದರೆ, 'ಭಂಡಾರಭೋಗ' ಜೋಗತ್ಯಾನ ಕಥೆ. 2009ರ ಮರಾಠಿ ಚಿತ್ರ 'ಜೋಗವಾ' ಈ ಎರಡೂ ಕಾದಂಬರಿಗಳನ್ನು ಒಟ್ಟಿಗೆ ಹೆಣೆದು ಇಬ್ಬರನ್ನೂ ಒಂದೇ ತೆರೆಯ ಮೇಲೆ ನಿಲ್ಲಿಸಿತು. ಶಾಸನಗಳು ಮಾಡದ ಕೆಲಸ ಅದು.

ಎರಡನೆಯ ಕಡತ ತೆರೆದದ್ದು ದಿಲ್ಲಿಯಲ್ಲಿ. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ನಾಲ್ಸಾ ತೀರ್ಪು, ಹುಟ್ಟಿನ ದೇಹಲಕ್ಷಣವೇ ಅಂತಿಮವೆಂಬ ಇಂಗ್ಲೆಂಡಿನ 1970ರ ಕಾರ್ಬೆಟ್ ಪ್ರಕರಣದ ನಿಲುವನ್ನು ತಳ್ಳಿಹಾಕಿತು. ವ್ಯಕ್ತಿಯ ಮನಸ್ಸು ಒಪ್ಪಿದ ಗುರುತೇ ಪ್ರಮಾಣವೆಂದಿತು. ಹಿಜಡಾ, ಅರವಾಣಿ, ಕೋತಿಗಳೊಂದಿಗೆ ಜೋಗತಾ ಹಾಗೂ ಜೋಗಪ್ಪ ಎಂಬ ಎರಡೂ ಪದಗಳು ಆ ತೀರ್ಪಿನಲ್ಲಿ ಜೊತೆಯಾಗಿ ಬರುತ್ತವೆ. ಜೋಗತಾ ದೇವಿಯ ಗಂಡು ಸೇವಕ, ಜೋಗತಿ ಹೆಣ್ಣು ಸೇವಕಿ, ಜೋಗತಿ ಹಿಜಡಾ ಮತ್ತೊಂದು ಬಗೆ ಎಂದು ವಿಂಗಡಿಸಲು ಹೊರಟ ತೀರ್ಪು, ಆ ಕೊನೆಯ ಬಗೆಯವರು ತಮ್ಮನ್ನು ಮೂರರಲ್ಲಿ ಯಾವ ಹೆಸರಿನಿಂದಲಾದರೂ ಕರೆದುಕೊಂಡಾರು ಎಂದು ಒಪ್ಪಿಕೊಂಡು ಕೈಬಿಟ್ಟಿತು. ಐದು ವರ್ಷಗಳ ಬಳಿಕ ಬಂದ 2019ರ ಕೇಂದ್ರ ಕಾಯ್ದೆ ತನ್ನ ಪರಿಭಾಷೆಯಲ್ಲಿ ಕಿನ್ನರ, ಹಿಜಡಾ, ಅರವಾಣಿಗಳ ಸಾಲಿನ ಕೊನೆಗೆ ಜೋಗತಾ ಎಂಬುದನ್ನಷ್ಟೇ ಉಳಿಸಿಕೊಂಡಿತು. ದೇವಿಯ ಗುಡಿ ಕನ್ನಡ ನೆಲದಲ್ಲಿದ್ದರೂ ಅವಳ ಸೇವಕ ಕೇಂದ್ರದ ಶಾಸನವನ್ನು ಹೊಕ್ಕದ್ದು ಮರಾಠಿ ಹೆಸರಿನಲ್ಲಿ. ಕರ್ನಾಟಕದ 2017ರ ರಾಜ್ಯ ನೀತಿಯಲ್ಲಿ ಜೋಗಪ್ಪ ಎಂಬ ಪದಕ್ಕೆ ಜಾಗವಿತ್ತು.

ಪದಕ್ಕಿಂತ ಆಳವಾದ ಬಿಕ್ಕಟ್ಟು ಬೇರೆ ಇದೆ. ನಾಲ್ಸಾ ತೀರ್ಪಿನ ನಡುಗಂಬ ಸ್ವನಿರ್ಣಯ: ನಾನು ಯಾರೆಂದು ನಾನೇ ಹೇಳಬಲ್ಲೆ ಎಂಬ ಹಕ್ಕು. ಜೋಗಪ್ಪನ ಮಾತಿನಲ್ಲಿ ಆ 'ನಾನು' ಅಷ್ಟು ಸಲೀಸಾಗಿ ಮುಂದೆ ಬರುವುದಿಲ್ಲ. ತಲೆಯಲ್ಲಿ ಜಡೆ ಬಂತು, ಮೈಗೆ ಬೇನೆ ಬಂತು, ಮನೆಗೆ ಕಾಟ ಹತ್ತಿತು, ಅವ್ವ ಹಿಡಿದಳು. ಹಾಗಾಗಿ ಸೀರೆ ಉಟ್ಟದ್ದು. ಆರಿಸಿದವಳು ದೇವಿ, ಆರಿಸಲ್ಪಟ್ಟವನು ಭಕ್ತ. ನಿಕೋಲಸ್ ಬ್ರಾಡ್‌ಫೋರ್ಡ್ 1983ರಲ್ಲಿಯೇ ಯಲ್ಲಮ್ಮನ ಪಂಥದ ಲಿಂಗಪಲ್ಲಟವನ್ನು ಬೇನೆ, ಕಾವುಗಳ ಭಾಷೆಯಲ್ಲಿ ಓದಿದ್ದರು. ಇದರಲ್ಲಿ ಎಷ್ಟು ಪಾಲು ನಂಬಿಕೆ, ಎಷ್ಟು ಪಾಲು ಹಳ್ಳಿಯ ಮುಂದೆ ಹೇಳಲು ದೊರೆತ ಏಕೈಕ ದಾರಿ ಎಂದು ಹೊರಗಿನವರು ತೂಗಿ ಹೇಳಲಾರರು. ಇನ್ನೊಂದು ಮಾತು ದೇಹದ್ದು. ಹಿಜಡಾ ಪರಂಪರೆಯ ನಿರ್ವಾಣದಂತಹ ಛೇದನ ಜೋಗಪ್ಪಗಳ ರೂಢಿಯಲ್ಲಿ ಸಾಮಾನ್ಯವಾಗಿ ಇಲ್ಲ; ದೇವಿ ಹಿಡಿದ ಮೈಯನ್ನು ಇದ್ದಂತೆಯೇ ಇರಿಸಿಕೊಳ್ಳುತ್ತಾರೆ. 2019ರ ಕಾಯ್ದೆಯೋ, ಜಿಲ್ಲಾಧಿಕಾರಿಯಿಂದ ಲಿಂಗತ್ವ ಅಲ್ಪಸಂಖ್ಯಾತ ಎಂಬ ಗುರುತಿನ ಪತ್ರ ಪಡೆಯಲು ವೈದ್ಯಕೀಯ ಪರೀಕ್ಷೆ ಬೇಡವೆಂದರೂ, ಹೆಣ್ಣು ಅಥವಾ ಗಂಡು ಎಂದು ಬರೆಸಿಕೊಳ್ಳಲು ಶಸ್ತ್ರಚಿಕಿತ್ಸೆಯ ದಾಖಲೆ ಕೇಳಿತು. ದೇಹವನ್ನು ಬಾಗಿಲಿನಿಂದ ಹೊರಗೆ ಕಳಿಸಿ ಕಿಟಕಿಯಿಂದ ಒಳಗೆ ಕರೆದಂತಾಯಿತು.

ಇಚಲಕರಂಜಿಯ ಮಗ್ಗದ ಕೇರಿಗಳಲ್ಲಿ ಮಂಗಳವಾರ, ಶುಕ್ರವಾರ ಜೋಗ ಬೇಡುವ ಬಡ ಜೋಗಪ್ಪನಿಗೆ ಈ ಚರ್ಚೆ ಯಾವ ರೂಪದಲ್ಲಿ ತಲುಪುತ್ತದೆ? ಅರ್ಜಿಯ ರೂಪದಲ್ಲಿ. ಮಾಜಿ ದೇವದಾಸಿಯರ ಮಾಸಾಶನ ಕೇಳಲು ಅವನು ಮಹಿಳೆಯಲ್ಲ. ಗುರುತಿನ ಪತ್ರ ಪಡೆಯಬಹುದು. ಆದರೆ ಆ ಪತ್ರದಲ್ಲಿ ಮುತ್ತು, ಜಗ, ಗುರು, ಗುಡ್ಡ ಯಾವುದಕ್ಕೂ ಅಂಕಣವಿಲ್ಲ. ಅವನೊಡನೆ ಪಡಲಗಿ ತುಂಬಿಸುವ ಜೋಗತಿಗೆ ಸಂತ್ರಸ್ತೆಯ ಅಂಕಣ ಮಾತ್ರ; ಅವಳ ಹಾಡು, ಅವಳ ಪೂಜಾರಿಕೆಯನ್ನು ಗುರುತೆಂದು ಬರೆಯುವ ಕಾಯ್ದೆ ಇಲ್ಲ. 2011ರ ಜನಗಣತಿ ಮೊದಲ ಬಾರಿಗೆ ಇತರೆ ಎಂಬ ಮೂರನೆಯ ಸಂಕೇತ ಕೊಟ್ಟಾಗ ಮಹಾರಾಷ್ಟ್ರದಲ್ಲಿ 40,891, ಕರ್ನಾಟಕದಲ್ಲಿ 20,266 ಜನ ಅದರಡಿ ದಾಖಲಾದರು. ಅವರಲ್ಲಿ ದೇವಿಯ ಮಕ್ಕಳೆಷ್ಟು ಎಂದು ಆ ಸಂಕೇತ ಹೇಳದು.

ಎರಡು ಭಾಷೆಗಳ ವ್ಯಾಕರಣವೂ ಇಲ್ಲಿ ಸಾಕ್ಷಿಗೆ ನಿಲ್ಲುತ್ತದೆ. ಗೌರವದಿಂದ ಮಾತಾಡುವ ಕನ್ನಡಿಗನಿಗೆ 'ಅವರು ಬಂದರು' ಎಂಬ ಒಂದೇ ರೂಪ ಸಾಕು. ಲಿಂಗವನ್ನು ನಿರ್ಣಯಿಸಬೇಕಾದ ಹಂಗಿಲ್ಲ. ಮರಾಠಿಯಲ್ಲಿ ಗೌರವಕ್ಕೂ ಲಿಂಗವಿದೆ: 'ತೇ ಆಲೇ', 'ತ್ಯಾ ಆಲ್ಯಾ'. ಗಡಹಿಂಗ್ಲಜದ ಮನೆಮಾತಿನ ಕನ್ನಡದಲ್ಲಿ ನಿರ್ಣಯವಾಗದೆ ಉಳಿಯಬಹುದಾದದ್ದು ಕಚೇರಿಯ ಮರಾಠಿಯಲ್ಲಿ ಕ್ರಿಯಾಪದದ ಹಂತದಲ್ಲಿಯೇ ತೀರ್ಮಾನ ಕೇಳುತ್ತದೆ. ಕನ್ನಡವೇನೂ ಮುಗ್ಧವಲ್ಲ; ಅದೇ ಕನ್ನಡ ಏಕವಚನಕ್ಕೆ ಇಳಿದೊಡನೆ ಅವನು, ಅವಳು ಎಂದು ವಿಂಗಡಿಸುತ್ತದೆ. ಜೋಗಪ್ಪನನ್ನು ಏಕವಚನದಲ್ಲಿ ಕರೆಯುವವರೇ ಹೆಚ್ಚೆಂಬುದನ್ನೂ ನೆನೆಯಬೇಕು. ಈ ಲೇಖನದ ವಾಕ್ಯಗಳೂ ಅದರಿಂದ ಪೂರ್ತಿ ತಪ್ಪಿಸಿಕೊಂಡಿಲ್ಲ.

2021ರಲ್ಲಿ ಪದ್ಮಶ್ರೀ ಪುರಸ್ಕಾರ ಪಡೆದವರ ಯಾದಿಯಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದ ಕಲಾವಿದೆಯ ಹೆಸರು ಇತ್ತು: ಮಾತಾ ಬಿ. ಮಂಜಮ್ಮ ಜೋಗತಿ. ಗಂಡಾಗಿ ಹುಟ್ಟಿ, ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿಕೊಂಡ ಅವರು ಇಟ್ಟುಕೊಂಡದ್ದು ಜೋಗಪ್ಪ ಎಂಬ ಹೆಸರನ್ನಲ್ಲ, ಜೋಗತಿ ಎಂಬುದನ್ನು. ಹೆಣ್ಣುಮಗಳೊಬ್ಬಳನ್ನು ಜೋಗತಿಯಾಗಿಸುವುದು ಅದೇ ರಾಜ್ಯದಲ್ಲಿ ಶಿಕ್ಷಾರ್ಹ ಅಪರಾಧ.